ದರ್ಜಿಯ ಡಬ್ಬಿ

“ಬರೋ ವಾರ ಆಪರೇಷನ್ ಆಗಲ್ಲ ಯಜಮಾನ್ರೇ. ಮೊದಲು ಹೊಟ್ಟೆ ತುಂಬ ಊಟ ಮಾಡಿ,” ಎಂದು ಡಾಕ್ಟರು ರಕ್ತಪರೀಕ್ಷೆಯ ಕಾಗದವನ್ನು ಪಕ್ಕಕ್ಕಿಟ್ಟರು. ದರ್ಜಿಯ ಬಲಭುಜದ ಸ್ನಾಯುರಜ್ಜು ಹರಿದು ತಿಂಗಳುಗಳಾಗಿದ್ದವು. ಅದನ್ನು ಹೊಲಿದು ಕೂಡಿಸಲು ದಿನ ನಿಗದಿಯಾಗಿತ್ತು. ಈಗ ನೋಡಿದರೆ ಮನುಷ್ಯ ಇನ್ನಷ್ಟು ಬಡಕಲಾಗಿದ್ದಾನೆ, ರಕ್ತದಲ್ಲಿ ಪ್ರೋಟೀನ್ ಕುಸಿದಿದೆ. ಊರವರಿಗೆಲ್ಲ ಅಳತೆಗೆ ತಕ್ಕಂತೆ ಹೊಲಿದುಕೊಡುವವನ ಕತ್ತು ತನ್ನದೇ ಕಾಲರಿನೊಳಗೆ ಓಲಾಡುತ್ತಿತ್ತು.

“ಲಂಘನಂ ಪರಮೌಷಧಂ ಅಂತಾರಲ್ಲ ಡಾಕ್ಟ್ರೇ,” ಎಂದ ದರ್ಜಿ. “ಮೈ ಹಗುರ ಇದ್ರೆ ಗಾಯ ಬೇಗ ಮಾಯುತ್ತೆ ಅಂದ್ಕೊಂಡೆ.”

“ಅದು ಅಜೀರ್ಣಕ್ಕೆ ಹೇಳಿದ ಮಾತು, ಭುಜಕ್ಕಲ್ಲ. ಎಪ್ಪತ್ತು ದಾಟಿದ ಮೈ ನಿಮ್ದು, ಒಳಗೆ ಸತ್ವ ಇಲ್ದೆ ನಾನು ಹೊಲಿದ್ರೆ ಕೂಡ್ಕೊಳ್ಳಲ್ಲ. ಮೊಟ್ಟೆ, ಬೇಳೆ, ಹಾಲು, ಮೊಸರು, ಎಲ್ಲ ಹೊತ್ತುಹೊತ್ತಿಗೆ ಒಳಗೆ ಹೋಗ್ಲಿ. ಹಾಗಂತ ತುಂಬಾ ತಡ ಮಾಡೋ ಹಾಗೂ ಇಲ್ಲ. ಹರಿದ ತುದಿ ಒಳಕ್ಕೆ ಸರಿದುಬಿಟ್ರೆ ಎಳೆದ್ರೂ ಬರಲ್ಲ. ಆಮೇಲೆ ನೀವು ಕತ್ತರಿ ಮರೆತುಬಿಡ್ಬೇಕು.”

ಕತ್ತರಿಯ ಮಾತು ಬಂದದ್ದೇ ದರ್ಜಿಯ ಮುಖ ಸಪ್ಪಗಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮುಖ ಕೆಂಪಾಯಿತು. ದಿನವೂ ಬೇಯಿಸಿದ ಮೊಟ್ಟೆ, ಗಟ್ಟಿ ಬೇಳೆ ತುಂಬಿ ಡಬ್ಬಿ ಕಟ್ಟಿಕೊಡುತ್ತಿದ್ದವಳು ಅವಳೇ. ಸಂಜೆ ಅದು ನೆಕ್ಕಿಟ್ಟಷ್ಟು ಖಾಲಿಯಾಗಿ ಬರುತ್ತಿತ್ತು. “ಮಧ್ಯಾಹ್ನದ್ದೇ ಇನ್ನೂ ಅರಗಿಲ್ಲ” ಎಂದು ರಾತ್ರಿ ಎಡಗೈಯಲ್ಲಿ ಒಂದು ಲೋಟ ಗಂಜಿ ಕುಡಿದು ಮಲಗುತ್ತಿದ್ದ ಗಂಡನನ್ನು ಅವಳು ನಂಬಿದ್ದಳು. ಆಸ್ಪತ್ರೆಯಿಂದ ಅವನನ್ನು ಕರೆದುಕೊಂಡು ನೇರ ಅಂಗಡಿಯ ದಾರಿ ಹಿಡಿದಳು. ಅವತ್ತಿನ ಡಬ್ಬಿ ಅವಳ ಚೀಲದಲ್ಲೇ ಇತ್ತು.

ಅಂಗಡಿಯಲ್ಲಿ ದರ್ಜಿಗೆ ಇದ್ದ ಜೊತೆಗಾರ ಒಬ್ಬನೇ. ಗುಂಡಿಗಳಿಗೆ ಕಾಜಾ ಹಾಕುವ ನಡುವಯಸ್ಸಿನವನು, ಹಾಗಾಗಿ ಎಲ್ಲರ ಬಾಯಲ್ಲೂ ಕಾಜಾ. ಅವಳು ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟ ಸದ್ದು ಕೇಳಿದ್ದೇ ತಡ, ಕಾಜಾ ಸೂಜಿ ಬಿಟ್ಟು, ಕೈ ತೊಳೆದು ಬಂದು, ಮುಚ್ಚಳ ತೆಗೆದ. ಆಮೇಲೆ ತಲೆಯೆತ್ತಿ ನೋಡಿದ. ಅವಳು ಅವನ ತುಂಬಿದ ಕೆನ್ನೆಯನ್ನೂ, ಹೊಟ್ಟೆಯ ಮೇಲೆ ಹಾರಿಹೋಗಲು ಸಿದ್ಧವಾಗಿದ್ದ ಗುಂಡಿಯನ್ನೂ ನೋಡಿದಳು.

“ಭುಜ ಇವರ್ದು, ಮೊಟ್ಟೆ ನಿಂಗೆ. ಆಪರೇಷನ್ನೂ ನಿಂಗೇ ಮಾಡಿಸಿಬಿಡೋಣ್ವಾ?”

“ಅಕ್ಕಾ, ನಾನು ಬೇಡ ಅಂದ್ರೂ ಮಾಸ್ಟರ್ ಬಿಡ್ತಿರಲಿಲ್ಲ,” ಎಂದು ಕಾಜಾ ಎದ್ದು ನಿಂತ. “ಬೇಳೆ ಚೆನ್ನಾಗಿರ್ತಿತ್ತು, ಸುಳ್ಳು ಹೇಳಬಾರದು.”

ಅವಳು ಡಬ್ಬಿಯನ್ನು ಗಂಡನ ಮಡಿಲಿಗಿಟ್ಟಳು. “ತಿನ್ನಿ. ನಾನು ನೋಡ್ಬೇಕು.” ದರ್ಜಿ ಅತ್ತ ಇತ್ತ ನೋಡಿ, ಬೇರೆ ದಾರಿ ಕಾಣದೆ ತುತ್ತು ಎತ್ತಿದ. ಕೈ ಎದೆಯವರೆಗೆ ಬಂದು ಅಲ್ಲೇ ನಿಂತಿತು. ಅವನು ತಲೆಯನ್ನು ಕೈಯವರೆಗೆ ಬಗ್ಗಿಸಿದ. ಬೇಳೆ ಅಂಗಿಯ ಮೇಲೆ ಸುರಿಯಿತು.

“ಬಾಯಿ ತನಕ ಬರಲ್ಲ ಕಣೇ,” ಎಂದ, ತುತ್ತನ್ನು ಮತ್ತೆ ಡಬ್ಬಿಗೆ ಹಾಕುತ್ತ. “ಎಡಗೈಲಿ ತಿಂದ್ರೆ ಅರ್ಧ ನೆಲಕ್ಕೆ. ನಿಂಗೆ ಹೇಳಿದ್ರೆ ನೀನೇ ಇಲ್ಲಿಗೆ ಬಂದು, ಗಿರಾಕಿಗಳೆದುರು ಬಾಯಿಗೆ ತುತ್ತು ಇಡ್ತೀಯ.”

ಅವಳು ಹಾಗೆ ಮಾಡುವವಳೇ. ಒಂದೇ ಮನೆಯಲ್ಲಿದ್ದೂ ಇದು ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದುಕೊಂಡಳು. “ಲಂಘನ ಅಂತೆ, ಲಂಘನ,” ಎಂದಷ್ಟೇ ಗೊಣಗಿ ಅಂಗಡಿಯ ಸುತ್ತ ಕಣ್ಣಾಡಿಸಿದಳು. ಬಟ್ಟೆ ಕತ್ತರಿಸುವ ಮೇಜು ಕಾಣಿಸಿತು. ನಿಂತು ಕೆಲಸ ಮಾಡಲೆಂದು ಮಾಡಿಸಿದ ಎತ್ತರದ ಮೇಜು. ಅದರ ಮೇಲೆ ಗುರುತು ಹಾಕಿದ್ದ ಬಿಳಿ ಬಟ್ಟೆಯನ್ನು ಸರಿಸಿ, ಡಬ್ಬಿ ಇಟ್ಟು, ಸ್ಟೂಲು ಎಳೆದಳು.

“ಅಲ್ಲಿ ಬೇಡ. ಆ ಮೇಜಿನ ಮೇಲೆ ಕುಡಿಯೋ ನೀರೂ ಇಡೋ ಹಾಗಿಲ್ಲ,” ಎಂದ ದರ್ಜಿ. ಅಂಗಡಿ ತೆರೆದಂದಿನಿಂದ ಅದು ಅವನ ಶಾಸನ. ಒಮ್ಮೆ ಟೀ ಲೋಟ ಇಟ್ಟ ತಪ್ಪಿಗೆ ಕಾಜಾ ಇಡೀ ದಿನ ಬೈಸಿಕೊಂಡಿದ್ದ.

“ಮೊಣಕೈ ಊರಿ,” ಎಂದಳು ಅವಳು.

ಅವನು ಎಡಗೈಯಿಂದ ಬಲಗೈಯನ್ನು ಎತ್ತಿಟ್ಟು ಮೊಣಕೈ ಊರಿದ. ಭುಜ ಅಲುಗಲಿಲ್ಲ, ಮೊಣಕೈ ಮಾತ್ರ ಮಡಚಿತು, ಬೆರಳುಗಳು ತುಟಿಗೆ ತಾಗಿದವು. ಅವನು ಒಂದು ಕ್ಷಣ ತನ್ನ ಕೈಯನ್ನೇ ನೋಡಿದ. ಆಮೇಲೆ ಯಾರನ್ನೂ ನೋಡಲಿಲ್ಲ. ಇಷ್ಟು ದಿನದ ಹಸಿವೆಲ್ಲ ಒಟ್ಟಿಗೇ ಬಂದವನಂತೆ ತಿಂದ. ಆ ರಭಸಕ್ಕೆ ಹಳದಿ ಬೇಳೆಯ ಒಂದು ಹನಿ ಹಾರಿ ಬಿಳಿ ಬಟ್ಟೆಯ ಅಂಚಿಗೆ ಬಿತ್ತು. ಕಾಜಾ ಉಸಿರು ಬಿಗಿಹಿಡಿದ.

ದರ್ಜಿ ಬಗ್ಗಿ ಕಲೆಯನ್ನು ನೋಡಿದ, ಗುರುತಿನ ಗೆರೆಯನ್ನು ನೋಡಿದ.

“ಅದು ಗೆರೆ ಆಚೆ ಇದೆ, ಹೊಲಿಗೆ ಮಡಿಕೆ ಒಳಗೆ ಹೋಗುತ್ತೆ ಬಿಡು,” ಎಂದ. “ಇನ್ನೊಂದು ಮೊಟ್ಟೆ ಇದೆಯಾ?”