ಗುರುಗಳ ನಾಲಿಗೆ

ಮೌನ ಶಿಬಿರದ ಗುರುಗಳು ಬಾಯಿ ತೆರೆದರು. ಮಾತಾಡಲಿಕ್ಕಲ್ಲ, ಸಿಂಹಮುದ್ರೆ ತೋರಿಸಲಿಕ್ಕೆ. ಮಂಡಿಯೂರಿ ಕೂತು, ಕಣ್ಣರಳಿಸಿ, ನಾಲಿಗೆಯನ್ನು ಗದ್ದದವರೆಗೂ ಚಾಚಿದರು. ಮರದ ನೆಲದ ದೊಡ್ಡ ಹಾಲ್‌ನಲ್ಲಿ ಕೂತಿದ್ದ ದೇಶವಿದೇಶದ ಶಿಬಿರಾರ್ಥಿಗಳೆಲ್ಲ ಭಕ್ತಿಯಿಂದ ತಂತಮ್ಮ ನಾಲಿಗೆ ಚಾಚಿದರು. ಮುಂದಿನ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರು ಮಾತ್ರ ನಾಲಿಗೆ ಒಳಗೆಳೆದುಕೊಂಡು ಕತ್ತು ಚಾಚಿದರು. ಗುರುಗಳ ನಾಲಿಗೆಯ ಎಡ ಅಂಚಿನಲ್ಲಿ ಒಂದು ಹುಣ್ಣು. ಸುತ್ತ ದಪ್ಪಗೆ ಗಟ್ಟಿಯಾಗಿ, ನಡುವೆ ಕುಳಿ ಬಿದ್ದಿತ್ತು. ಖಾರ ತಿಂದು ಬರುವ ಹುಣ್ಣು ಹಾಗಿರುವುದಿಲ್ಲ.

ಡಾಕ್ಟರಿಗೆ ಮಾತು ಗಂಟಲಿಗೆ ಬಂತು. ಬರದೆ ಏನು? ಡಾಕ್ಟರಿಕೆ ಶುರುವಾದಾಗಿನಿಂದ, ಎದುರಿಗೆ ಯಾರಾದರೂ ಬಾಯಿ ತೆರೆದು ಕೂತರೆ ಸಾಕು, ಅವರು ಮಾತಾಡುತ್ತಲೇ ಬಂದವರು. ರಾಜಕೀಯ, ರಸ್ತೆಯ ಗುಂಡಿ, ಭಾವಮೈದುನನ ಹೊಸ ಕಾರು, ಎಲ್ಲವೂ. ಬಾಯಲ್ಲಿ ಹತ್ತಿ ತುರುಕಿಸಿಕೊಂಡವರು ಎದುರಾಡುವುದಿಲ್ಲವೆಂಬ ಧೈರ್ಯ. ಅದೇ ಧೈರ್ಯವನ್ನು ದಿನಾ ಸಂಜೆ ಮನೆಗೂ ತರುತ್ತಿದ್ದರು. ಹೆಂಡತಿಗೆ ಹತ್ತಿಯ ಅಗತ್ಯವೂ ಬೀಳುತ್ತಿರಲಿಲ್ಲ.

ಅದಕ್ಕೇ, ವಿದೇಶಕ್ಕೆ ಬಂದವರೆಲ್ಲ ಅರಮನೆ, ಜಲಪಾತ ಎಂದು ಅಲೆಯುತ್ತಿದ್ದರೆ, ಆಕೆ ಗಂಡನನ್ನು ಈ ಬೆಟ್ಟದ ಮೇಲಿನ ಶಿಬಿರಕ್ಕೆ ಎಳೆದು ತಂದಿದ್ದಳು. ಇಲ್ಲಿ ಫೋನು, ಪೆನ್ನು ಎಲ್ಲ ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ಒಂದು ಮಾತಾಡಿದರೂ ಆ ಕ್ಷಣವೇ ಗಂಟುಮೂಟೆ ಕಟ್ಟಬೇಕು, ಜೊತೆಗೆ ಬಂದವರೂ ಸಹ. ಒಳಗೆ ಕಾಲಿಡುವ ಮುಂಚೆ ಆಕೆ ಕೈಮುಗಿಯುವುದೊಂದು ಬಾಕಿ.

“ನೋಡಿ, ಮದುವೆಯಾದಾಗಿಂದ ನಾನು ನಿಮ್ಮನ್ನ ಏನೂ ಕೇಳಿಲ್ಲ. ಈ ಒಂದು ವಾರ ಬಾಯಿ ಮುಚ್ಕೊಂಡಿರಿ.”

“ಅಷ್ಟೇ ತಾನೇ? ಅದೇನು ಮಹಾ! ನಮ್ಮ ತಾತ ಒಂದ್ಸಲ ಏನ್ಮಾಡಿದ್ರು ಅಂದ್ರೆ...”

“ಶುರುವಾಯ್ತು.”

ಈಗ ಪಕ್ಕದ ಚಾಪೆಯಲ್ಲಿ ನಾಲಿಗೆ ಚಾಚಿ ಕೂತ ಆಕೆಯ ಮುಖದಲ್ಲಿ ಎಂಥ ನೆಮ್ಮದಿ! ಬಂದಾಗಿನಿಂದ ತಲೆನೋವಿನ ಮಾತ್ರೆಯನ್ನೇ ಮುಟ್ಟಿರಲಿಲ್ಲ. ಅದನ್ನು ಕೆಡಿಸಲು ಡಾಕ್ಟರಿಗೂ ಮನಸ್ಸಾಗಲಿಲ್ಲ. ಸರಿ, ಕೈಸನ್ನೆಯಲ್ಲೇ ಹೇಳೋಣವೆಂದು ಎದ್ದರು. ತಮ್ಮ ನಾಲಿಗೆ ಮುಟ್ಟಿ ಗುರುಗಳ ಕಡೆ ಬೆರಳು ತೋರಿಸಿದರು. ಪಾಪ, ಮಾತಾಡುವ ಚಪಲವೆಂದು ತಿಳಿದ ಗುರುಗಳು ತುಟಿಗೆ ಬೆರಳಿಟ್ಟು ನಕ್ಕರು. ಕತ್ತರಿಸಿ ತೆಗೆಯಬೇಕಾದೀತು ಎಂದು ಎರಡು ಬೆರಳು ಆಡಿಸಿ ತೋರಿಸಿದರೆ, ಶಿಷ್ಯ ಆಸೆಯನ್ನೇ ಕತ್ತರಿಸಿದನೆಂದು ಬೆನ್ನು ತಟ್ಟಿದರು. ಊಟದ ಮನೆಯಲ್ಲಿ ಡಾಕ್ಟರು ಗುರುಗಳೆದುರು ತಮ್ಮ ಬಾಯನ್ನೇ ಅಗಲಿಸಿ ನಿಂತರು. ಅಡುಗೆಯವಳು ಕನಿಕರಪಟ್ಟು ಅವರ ಬಟ್ಟಲಿಗೆ ಇನ್ನೊಂದು ಸೌಟು ಸೂಪು ಸುರಿದಳು.

ಆದರೆ ಅಲ್ಲೇ ಅವರು ಇನ್ನೊಂದನ್ನು ಕಂಡರು. ಗುರುಗಳು ಬಲಗಡೆಯಲ್ಲಿ ಮಾತ್ರ ಅಗಿಯುತ್ತಿದ್ದರು. ನೀರು ನುಂಗುವಾಗ ಕಣ್ಣು ಮುಚ್ಚುತ್ತಿದ್ದರು. ಸುತ್ತಲಿನವರು ಅದನ್ನು ಧ್ಯಾನವೆಂದು ತಿಳಿದು ತಾವೂ ಕಣ್ಣು ಮುಚ್ಚಿ ನೀರು ಕುಡಿಯುತ್ತಿದ್ದರು. ಇಂಥ ಮೌನ ಎಲ್ಲೂ ಕಂಡಿಲ್ಲವೆಂದು ಖಂಡಾಂತರಗಳಿಂದ ಜನ ಹಾರಿ ಬರುತ್ತಿದ್ದರಲ್ಲ, ಆ ಮಹಾಮೌನಿಗೆ ಮಾತಾಡಿದರೆ ನೋಯುತ್ತದೆಂಬುದು ಡಾಕ್ಟರಿಗೆ ಮಾತ್ರ ಗೊತ್ತಾಯಿತು.

ಮಧ್ಯಾಹ್ನದ ಧ್ಯಾನದಲ್ಲಿ ಅವರು ಎದ್ದು ನಿಂತರು. ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

“ಗುರುಗಳೇ, ನಿಮ್ಮ ನಾಲಿಗೆ ಮೇಲಿರೋ ಹುಣ್ಣು ಎಷ್ಟು ದಿನದಿಂದ ಇದೆ?”

ಧ್ಯಾನದಲ್ಲಿದ್ದವರೆಲ್ಲ ಬೆಚ್ಚಿ ಕಣ್ಣು ಬಿಟ್ಟರು. ಹಿಂದಿನ ಸಾಲಿನಲ್ಲೊಬ್ಬರ ಗೊರಕೆ ನಿಂತಿತು. ಗುರುಗಳು ನಗುಮುಖದಲ್ಲೇ ಬಾಗಿಲ ಕಡೆ ಕೈ ತೋರಿಸಿದರು.

ಕೋಣೆಯಲ್ಲಿ ಹೆಂಡತಿ ಬಟ್ಟೆಗಳನ್ನು ಮಡಿಸದೆ ಸೂಟ್‌ಕೇಸಿಗೆ ತುರುಕುತ್ತಿದ್ದಳು. “ಒಂದು ವಾರ! ಒಂದೇ ಒಂದು ವಾರ ಕೇಳಿದ್ದೆ.”

“ಅಲ್ಲ ಕಣೇ, ಆ ಹುಣ್ಣು...”

“ಗೊತ್ತು ಬಿಡಿ. ಯಾರಾದ್ರೂ ಬಾಯಿ ತೆರೆದ್ರೆ ನೀವು ಮಾತಾಡ್ಲೇಬೇಕು. ಹುಣ್ಣು ಒಂದು ನೆಪ.” ಡಾಕ್ಟರು ತಲೆ ತಗ್ಗಿಸಿ ಜಿಪ್ಪು ಎಳೆದರು.

ಗೇಟಿನ ಬಳಿ ಇಬ್ಬರೂ ಟ್ಯಾಕ್ಸಿಗೆ ಕಾಯುತ್ತಿದ್ದಾಗ, ಅಡುಗೆಮನೆಯ ಹಿಂದಿನಿಂದ ಗುರುಗಳು ಬರಿಗಾಲಲ್ಲಿ ಬಿರಬಿರನೆ ಬಂದರು. ಶಿಷ್ಯರು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎರಡು ಸಲ ತಿರುಗಿ ನೋಡಿದರು.

“ತುಂಬಾ ದಿನ ಆಯ್ತು,” ಎಂದರು, ತೊದಲುತ್ತಾ. “ಧ್ಯಾನದಲ್ಲೇ ವಾಸಿಯಾಗುತ್ತೆ ಅಂದ್ಕೊಂಡಿದ್ದೆ.”

ಅಷ್ಟು ಹೇಳಿ, ಬಿಸಿಲಿಗೆ ಮುಖವೊಡ್ಡಿ ಬಾಯಿ ತೆರೆದರು. ಡಾಕ್ಟರು ಶುಭ್ರವಾದ ಕರವಸ್ತ್ರದಲ್ಲಿ ನಾಲಿಗೆ ಹಿಡಿದು ಮೆಲ್ಲಗೆ ಹೊರಳಿಸಿ ನೋಡಿದರು. ಆಮೇಲೆ ದವಡೆಯ ಕೆಳಗೆ, ಕುತ್ತಿಗೆಯ ಉದ್ದಕ್ಕೂ ಬೆರಳೊತ್ತುತ್ತಾ ಹೋದರು. ಒಂದು ಕಡೆ ಗಟ್ಟಿ ಗಂಟೊಂದು ಸಿಕ್ಕಿ ಬೆರಳು ನಿಂತುಬಿಟ್ಟಿತು.

ಹೆಂಡತಿ ಸೂಟ್‌ಕೇಸಿನ ಮೇಲೆ ಕೂತು ಮುಖ ತಿರುಗಿಸಿಕೊಂಡಿದ್ದಳು. ಈಗ ತಾತನ ಕಥೆ ಬರುತ್ತದೆ, ಇಲ್ಲವೇ ಭಾವಮೈದುನನ ಕಾರು. ಬರಲಿಲ್ಲ. ತಿರುಗಿ ನೋಡಿದಳು. ಗುರುಗಳು ಬಾಯಿ ತೆರೆದೇ ನಿಂತಿದ್ದರು. ಗಂಡನ ಬೆರಳು ಇನ್ನೂ ಅದೇ ಜಾಗದಲ್ಲಿತ್ತು, ಬಾಯಿ ಮುಚ್ಚಿತ್ತು.

ಆಕೆ ಎದ್ದು ಬಂದು ಗಂಡನ ತೋಳು ಹಿಡಿದಳು.

“ಏನಾದ್ರೂ ಮಾತಾಡಿ,” ಎಂದಳು.