ಸೂರಜ್ಜಿಯ ಹೇಳಿಕೆ

ಜಂಬುಲಿಂಗಪ್ಪನ ಜೀಪಿನಿಂದ ಸೂರಜ್ಜಿ ಇಳಿದಾಗ ಪಾಲಾಕ್ಷ ಕಚೇರಿಯ ಮೆಟ್ಟಿಲಿಂದ ಓಡಿ ಬಂದ.

ಜಂಬುಲಿಂಗಪ್ಪ ಮೀನಿನ ಗುತ್ತಿಗೆದಾರ. ಊರ ಕೆರೆ ಹರಾಜಿಗೆ ಬರಲೆಂದು ತೊಂಬತ್ತಾರನೇ ಇಸವಿಯಿಂದ ಕಾದು ಕೂತವನು. ಅಂಥವನ ಪಕ್ಕದ ಸೀಟಿನಲ್ಲಿ, ಬೆಸ್ತರ ಹಟ್ಟಿಯ ಅತಿ ಹಿರಿಯ ಜೀವ ಎಲೆಅಡಿಕೆ ಮೆಲ್ಲುತ್ತ ಮೊಳಕಾಲ್ಮುರಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಬಂದಿತ್ತು.

"ಅವನ ಜೀಪಲ್ಲಿ ಯಾಕಜ್ಜಿ ಬಂದೆ?"

"ನೀನು ಕರೀಲಿಲ್ಲ, ಅವ್ನು ಕರ್ದ. ಸೀಟು ಮೆತ್ತಗೈತೆ ಕಣ್ಲಾ."

ಕರೆದಿರಲಿಲ್ಲ, ನಿಜ. ತಲೆಮಾರುಗಳಿಂದ ಕೆರೆ ಬಳಸಿದವರೆಂದು ಸಾಬೀತಾದರೆ ಇಲಾಖೆ ಹಟ್ಟಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿತ್ತು, ಇಲ್ಲವಾದರೆ ಹರಾಜು. ಅದಕ್ಕೆಂದೇ ಬೆಸ್ತರ ಸಂಘದ ಕಾರ್ಯದರ್ಶಿ ಪಾಲಾಕ್ಷ ಹನ್ನೊಂದು ಸಾಕ್ಷಿಗಳನ್ನು ಆರಿಸಿ ವಾರವಿಡೀ ಪಾಠ ಹೇಳಿದ್ದ: ವರ್ಷದ ಹನ್ನೆರಡು ತಿಂಗಳೂ, ಕೆರೆಯ ಮೂಲೆಮೂಲೆಯಲ್ಲೂ ಮೀನು ಹಿಡಿದವರು ನಾವೇ. ಅಜ್ಜಿ ಪಾಠಕ್ಕೆ ಬಗ್ಗುವವಳಲ್ಲ ಎಂದು ಬಿಟ್ಟಿದ್ದ. ತಪ್ಪಾಯಿತೇನೋ.

ಹನ್ನೊಂದು ಜನವೂ ಕಲಿತದ್ದನ್ನು ಒಪ್ಪಿಸಿದರು. ಚಳ್ಳಕೆರೆಯಿಂದ ಬಂದಿದ್ದ ಅಧಿಕಾರಿ ಬರೆದುಕೊಂಡದ್ದು ಅರ್ಧ ಪುಟವೂ ಇಲ್ಲ.

"ನಮ್ಮ ಕಡೆಯಿಂದ ಒಬ್ರೇ ಸಾಕ್ಷಿ, ಸಾರ್," ಜಂಬುಲಿಂಗಪ್ಪ ಅಜ್ಜಿಯನ್ನು ಮುಂದೆ ಬಿಟ್ಟ. "ನನಗೆ ಹೇಳಿದ್ದನ್ನೇ ಹೇಳವ್ವ."

"ಹೊಸ ನೀರು ಬಂದ್ಮೇಲೆ ಮೂರು ತಿಂಗಳು ನಾವು ಕೆರೆಗೆ ಬಲೆ ಇಳಿಸ್ತಿರ್ಲಿಲ್ಲ. ತೂಬಿನ ಹತ್ರದ ಆಳದ ಮಡುವಿಗಂತೂ ನಮ್ಮತ್ತೆ ಕಾಲದಿಂದ್ಲೂ ಬಲೆ ಹಾಕಂಗಿಲ್ಲ."

"ಕೇಳಿದ್ರಾ ಸಾರ್?" ಜಂಬುಲಿಂಗಪ್ಪ ಕುರ್ಚಿಗೆ ಒರಗಿದ. "ಹಿಡೀತಾನೇ ಇರ್ಲಿಲ್ಲ ಅಂತ ಅವರಜ್ಜೀನೇ ಹೇಳ್ತೈತೆ."

ಪಾಲಾಕ್ಷ ಅಜ್ಜಿಯತ್ತ ತಿರುಗಿದ. ಮೂರು ತಿಂಗಳು ಬಿಟ್ಟವರು ಕೆರೆ ತಮ್ಮದೆಂದು ಯಾವ ಬಾಯಿಂದ ಕೇಳುವುದು? ಒಂದು ಸವಾರಿಗೆ ಮುದುಕಿ ಹಟ್ಟಿಯನ್ನೇ ಮಾರಿಬಿಟ್ಟಳೇ?

"ಯಾರಾದರೂ ಹಾಕಿದ್ರೆ?" ಅಧಿಕಾರಿ ಕೇಳಿದರು.

"ನನ್ನ ಗಂಡನೇ ಒಂದ್ಸಲ ಹಾಕಿದ್ದ ಸಾಮಿ. ಮೊಟ್ಟೆ ತುಂಬಿದ ಮೀನು ಬಿದ್ದಿತ್ತು. ಹಟ್ಟಿಯೋರು ಅವನ ಬಲೆ ಸುಟ್ರು. ಒಂದು ವರ್ಷ ನಮ್ಮನೆ ಒಲೆಗೆ ಯಾರೂ ಕೆಂಡ ಕೊಡ್ಲಿಲ್ಲ."

"ಅಜ್ಜಿ, ಸಾಕು," ಎಂದ ಪಾಲಾಕ್ಷ.

"ಸುಮ್ಕಿರಲೇ. ಸಾಹೇಬ್ರು ಕೇಳ್ತಾವ್ರೆ."

ಅಧಿಕಾರಿ ಬರೆದರು. ಪುಟ ತಿರುವಿ ಮತ್ತೂ ಬರೆದರು. ಜಂಬುಲಿಂಗಪ್ಪ ಜೇಬಿನಿಂದ ಪೆನ್ನು ತೆಗೆದು ಸಹಿಗೆ ಸಿದ್ಧನಾದ. ಪಾಲಾಕ್ಷ ಹಟ್ಟಿಯವರಿಗೆ ಮುಖ ತೋರಿಸುವುದು ಹೇಗೆಂದು ನೆಲ ನೋಡುತ್ತ ನಿಂತ.

ಒಪ್ಪಂದದ ಕಾಗದ ಮೇಜಿನ ಮೇಲೆ ಪಾಲಾಕ್ಷನ ಕಡೆಗೇ ಸರಿದು ಬಂತು.

"ಹನ್ನೆರಡು ತಿಂಗಳೂ ಹಿಡೀತೀವಿ ಅನ್ನೋರಿಗೆ ಕೆರೆ ಕೊಡೋ ಹಾಗೇ ಇರಲಿಲ್ಲ ರೀ," ಎಂದರು ಅಧಿಕಾರಿ. "ಮೊಟ್ಟೆ ಇಡೋ ಕಾಲಕ್ಕೆ ಮೀನು ಕಾಯೋ ಕಟ್ಟಳೆ ಇದ್ದೋರಿಗೆ ಮಾತ್ರ. ಸಹಿ ಹಾಕಿ."