ಗೇಟಿನಿಂದ ಇನ್ನೂರು ಗಜ

ದಸರಾ ರಜೆಯ ಹಿಂದಿನ ದಿನ ಹೈಸ್ಕೂಲಿನ ಮಕ್ಕಳು ಪುರಸಭೆಯ ಮೀಟಿಂಗಿಗೇ ನುಗ್ಗಿದರು. ಮಾತಾಡಿದವಳು ಒಬ್ಬಳೇ.

"ನಮ್ಮ ಸ್ಕೂಲ್ ಎದುರಿಗಿರೋ ಗುಟ್ಕಾ ಅಂಗಡಿ ತೆಗೆಸಬೇಕು ಸರ್."

ಅಧ್ಯಕ್ಷರು ಕನ್ನಡಕ ತೆಗೆದರು. "ಅದು ಯಾರ ಅಂಗಡಿ, ಗೊತ್ತೇನಮ್ಮ?"

"ಗೊತ್ತು ಸರ್. ನಿಮ್ಮ ಬಾಮೈದನವರದು."

ಸದಸ್ಯರೆಲ್ಲ ತಲೆ ತಗ್ಗಿಸಿದರು. ಅವಳು ಜೊತೆಗೆ ಕರೆತಂದಿದ್ದ ಅಣ್ಣನ ಕಡೆ ತಿರುಗಿದಳು. "ಬಾಯಿ ತೆರೆದು ತೋರ್ಸಣ್ಣ."

ಅವನು ತಿಣುಕಾಡಿ ತೆರೆದ. ಒಂದು ಬೆರಳು ತೂರುವಷ್ಟೂ ಆಗಲಿಲ್ಲ.

"ಏಳನೇ ಕ್ಲಾಸಿಂದ ಆ ಅಂಗಡೀಲೇ ತಗೊಂಡು ತಿಂದ ಸರ್. ಈಗ ಅನ್ನ ತಿನ್ನೋಕಾಗಲ್ಲ, ಬರೀ ಗಂಜಿ."

ಅಧ್ಯಕ್ಷರು ಮೆಲ್ಲಗೆ ಕೇಳಿದರು, "ಎಷ್ಟು ದೂರ ಇರಬೇಕಮ್ಮ?"

"ಗೇಟಿನಿಂದ ಇನ್ನೂರು ಗಜ."

"ಗೇಟಿನಿಂದಲೇ ಅಳೀಬೇಕಾ?"

"ಹೌದು ಸರ್. ನಾವೆಲ್ಲ ಓಡಾಡೋದು ಅಲ್ಲೇ ಅಲ್ವಾ?"

"ಆಯ್ತು. ಮಗು ಹೇಳಿದ ಹಾಗೇ ಠರಾವು ಬರ್ಕೊಳ್ರೀ," ಎಂದರು ಗುಮಾಸ್ತನಿಗೆ.

ಯಾರೂ ಎದುರಾಡಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಅಳುತ್ತಾ ಅಧ್ಯಕ್ಷರ ಕಾಲು ಮುಟ್ಟಿ ನಮಸ್ಕರಿಸಿದಳು.

ರಜೆ ಮುಗಿಸಿ ಬಂದಾಗ ಅಂಗಡಿ ಇದ್ದಲ್ಲೇ ಇತ್ತು, ಗುಟ್ಕಾ ಸರಗಳು ಬಾಗಿಲ ತುಂಬ ತೂಗಾಡುತ್ತಿದ್ದವು. ಅದರೆದುರಿಗೆ ಶಾಲೆಯ ಗೇಟಿದ್ದ ಜಾಗದಲ್ಲಿ ಗೋಡೆ ಎದ್ದಿತ್ತು. ಹೊಸ ಗೇಟನ್ನು ಹಿಂದುಗಡೆ, ಲಾರಿಗಳು ಓಡುವ ಹೆದ್ದಾರಿಯ ಕಡೆಗೆ ಇಟ್ಟಿದ್ದರು.